ಎರೆಹೊಲದ ವಿದ್ಯಾಪೀಠ



ವಿಶ್ವವಿದ್ಯಾಲಯವೆಂಬ ಮಾತು ಕಿವಿಗೆ ಬಿದ್ದೊಡನೆ ಪಟ್ಟಣವಾಸಿಗಳಾದ ನಮ್ಮ ಕಣ್ಣಿಗೆ ಕಟ್ಟುವ ಚಿತ್ರವೊಂದಿದೆ. ಎತ್ತರವಾದ ಗೋಪುರ, ಉದ್ದನೆಯ ಪಡಸಾಲೆ, ಪುಸ್ತಕ ಭಂಡಾರ, ವರ್ಷಕ್ಕೊಮ್ಮೆ ನಿಲುವಂಗಿ ತೊಟ್ಟು ಪದವಿಯನ್ನು ಸ್ವೀಕರಿಸುವ ತರುಣ ತರುಣಿಯರು. ಈ ಚಿತ್ರವು ಸುಳ್ಳಲ್ಲ. ಅಂತಹ ಕೊಠಡಿಗಳಲ್ಲಿ ಪಾಠ ಹೇಳಿಯೇ ನಾನು ಅನ್ನ ಉಣ್ಣುತ್ತಿದ್ದೇನೆ. ಆದರೆ ಇಂದು ನಿಮ್ಮ ಮುಂದೆ ಇಡಬೇಕೆಂದಿರುವುದು ಬೇರೊಂದು ಬಗೆಯ ವಿಶ್ವವಿದ್ಯಾಲಯದ ವೃತ್ತಾಂತ. ಅದರ ಪುಸ್ತಕ ಭಂಡಾರದ ಅರ್ಧಭಾಗ ಮಾತ್ರ ಕಪಾಟುಗಳಲ್ಲಿದೆ. ಉಳಿದರ್ಧ ಹೊಲದಲ್ಲಿ ಬೆಳೆದು ನಿಂತಿದೆ. ಅದರ ಪರೀಕ್ಷಕನು ಪ್ರಾಧ್ಯಾಪಕನಲ್ಲ, ಮಳೆ. ಧಾರವಾಡದ ಎತ್ತಿನಗುಡ್ಡದಲ್ಲಿರುವ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವೇ ಅದು.

ಆ ವಿದ್ಯಾಪೀಠವನ್ನು ಅರಿಯಬೇಕಾದರೆ ಮೊದಲು ಅದರ ಸುತ್ತಣ ನೆಲವನ್ನು ಅರಿಯಬೇಕು. ಧಾರವಾಡ ಜಿಲ್ಲೆಯ ಪಡುವಣಕ್ಕೆ ಕಲಘಟಗಿ. ಅಲ್ಲಿ ಮಲೆನಾಡಿನ ಸೆರಗು ನೆಲವನ್ನು ಸೋಕುತ್ತದೆ. ಕಾಡು, ಕೆರೆ, ಬತ್ತದ ಗದ್ದೆ. ಅಲ್ಲಿಂದ ಮೂಡಲಿಗೆ ಹೊರಟರೆ ಹೆಜ್ಜೆ ಹೆಜ್ಜೆಗೂ ಮಳೆ ಕಡಿಮೆಯಾಗುತ್ತ, ಮರಗಳು ವಿರಳವಾಗುತ್ತ ಹೋಗುತ್ತವೆ. ಸವಾಯಿ ಗಂಧರ್ವರ ಊರಾದ ಕುಂದಗೋಳ, ಜಮಖಾನೆಗೆ ಹೆಸರಾದ ನವಲಗುಂದ, ಆದಿಕವಿ ಪಂಪನ ನೆನಪಿನೊಡನೆ ಹೆಣೆದುಕೊಂಡಿರುವ ಅಣ್ಣಿಗೇರಿ, ಇವೆಲ್ಲವೂ ಎರೆಯ ನಾಡು. ಬೇಸಗೆಯಲ್ಲಿ ಈ ಕರಿಯ ನೆಲವು ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಕಾಲಿಟ್ಟವನ ಕೆರವನ್ನು ಕಿತ್ತುಕೊಳ್ಳುತ್ತದೆ. ಆದರೆ ಒಮ್ಮೆ ಕುಡಿದ ನೀರನ್ನು ಅದು ಬೇಗನೆ ಬಿಟ್ಟುಕೊಡುವುದಿಲ್ಲ. ಆ ತೇವವನ್ನೇ ನಂಬಿ ಇಲ್ಲಿಯ ಒಕ್ಕಲಿಗನು ಹಿಂಗಾರಿನಲ್ಲಿ ಕಡಲೆ, ಜೋಳ, ಗೋದಿ, ಕುಸುಬೆಗಳನ್ನು ಬಿತ್ತುತ್ತಾನೆ. ಮುಂಗಾರಿನಲ್ಲಿ ಹೆಸರು, ಹತ್ತಿ, ಮೆಣಸಿನಕಾಯಿ. ಮಳೆ ಹದವಾಗಿ ಬಂದರೆ ಬಂಗಾರ, ತಪ್ಪಿದರೆ ಸಾಲ. ಅತಿಯಾದರೆ ಬೆಣ್ಣಿಹಳ್ಳವು ಉಕ್ಕಿ ನವಲಗುಂದದ ಹೊಲಗಳನ್ನೇ ನುಂಗುತ್ತದೆ.

ಇಂತಹ ನೆಲದಲ್ಲಿ ವಿಜ್ಞಾನವು ಕಾಲಿಟ್ಟುದು ಹತ್ತಿಯ ಕೈಹಿಡಿದು. ಇಲ್ಲಿಯ ಜವಾರಿ ಹತ್ತಿಯು ಎತ್ತಿನ ಮೇಲೆ ಹೇರಾಗಿ ಘಟ್ಟವಿಳಿದು, ಕುಮಟೆಯ ಬಂದರದಿಂದ ಮುಂಬಯಿಗೆ ಹೋಗುತ್ತಿತ್ತು. ಆದಕಾರಣ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು. ಬೆಳೆದ ಊರಿನ ಹೆಸರು ಅಳಿದು ಹಡಗು ಹತ್ತಿದ ಊರಿನ ಹೆಸರು ಉಳಿಯಿತು! ೧೮೪೦ರ ದಶಕದಲ್ಲಿ ಕಂಪನಿ ಸರಕಾರದವರು ಅಮೇರಿಕದ ನ್ಯೂ ಓರ್ಲಿಯನ್ಸ್ ಬೀಜವನ್ನು ತರಿಸಿ ಇಲ್ಲಿ ಬಿತ್ತಿಸಿದರು. ಅದು ಈ ನೆಲಕ್ಕೆ ಒಗ್ಗಿ ‘ಧಾರವಾಡ ಅಮೇರಿಕನ್’ ಎಂಬ ಹೆಸರನ್ನು ಪಡೆಯಿತು. ಅದರ ಅರಳೆಯಿಂದ ಕಾಳನ್ನು ಬೇರ್ಪಡಿಸುವ ಗರಗಸದ ಜಿನ್ನುಗಳನ್ನು ಮಾಡಿ ದುರಸ್ತಿಗೊಳಿಸುವ ಕಾರ್ಖಾನೆಯೂ ಧಾರವಾಡದಲ್ಲಿ ಹುಟ್ಟಿತು. ೧೮೬೧ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧವು ಆರಂಭವಾಗಿ ಲ್ಯಾಂಕಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿಯು ನಿಂತುಹೋದಾಗ, ಧಾರವಾಡದ ಹತ್ತಿಗೆ ಕಂಡರಿಯದ ಬೆಲೆ ಬಂದಿತು. ೧೮೬೫ರಲ್ಲಿ ಯುದ್ಧವು ಮುಗಿಯಿತು, ಬೆಲೆಯೂ ಇಳಿಯಿತು. ದೂರದ ದೇಶದ ಜಗಳವು ನಮ್ಮ ಹೊಲದ ಬೆಲೆಯನ್ನು ಏರಿಸಬಲ್ಲುದು, ಇಳಿಸಬಲ್ಲುದು ಎಂಬ ಪಾಠವನ್ನು ಈ ಸೀಮೆಯು ಅಂದೇ ಕಲಿಯಿತು.

ಅದೇ ಯುದ್ಧದ ನಡುವೆ, ೧೮೬೨ರಲ್ಲಿ, ಅಮೇರಿಕದ ಅಧ್ಯಕ್ಷ ಲಿಂಕನ್ನರು ಮಾರಿಲ್ ಕಾಯಿದೆ ಎಂಬ ಶಾಸನಕ್ಕೆ ಸಹಿ ಮಾಡಿದರು. ಒಂದೊಂದು ಪ್ರಾಂತಕ್ಕೂ ಸರಕಾರಿ ಭೂಮಿಯನ್ನು ಕೊಟ್ಟು, ಅದರ ಉತ್ಪನ್ನದಿಂದ ಒಕ್ಕಲುತನವನ್ನೂ ಯಂತ್ರಕಲೆಯನ್ನೂ ಕಲಿಸುವ ಕಾಲೇಜುಗಳನ್ನು ಕಟ್ಟಬೇಕೆಂಬುದು ಅದರ ಸಾರ. ಮುಂದೆ ೧೮೮೭ರಲ್ಲಿ ಪ್ರಯೋಗಕ್ಷೇತ್ರಗಳೂ, ೧೯೧೪ರಲ್ಲಿ ರೈತನ ಬಳಿಗೆ ಹೋಗಿ ತಿಳಿಸುವ ವಿಸ್ತರಣ ಕಾರ್ಯವೂ ಅದಕ್ಕೆ ಸೇರಿದವು. ಹೀಗೆ ಬೋಧನೆ, ಸಂಶೋಧನೆ, ವಿಸ್ತರಣ ಎಂಬ ಮೂರು ಕಾಲಿನ ಮೇಲೆ ನಿಂತ ವಿದ್ಯಾಪೀಠದ ಕಲ್ಪನೆ ಬೆಳೆಯಿತು. ಧಾರವಾಡವು ಅಮೇರಿಕದಿಂದ ಮೊದಲು ಪಡೆದುದು ಹತ್ತಿಯ ಬೀಜವನ್ನು. ಶತಮಾನವೊಂದು ಕಳೆದ ಮೇಲೆ ಪಡೆದುದು ಈ ಕಲ್ಪನೆಯ ಬೀಜವನ್ನು. ಎರಡನೆಯದು ಮೊದಲನೆಯದಕ್ಕಿಂತ ಗಟ್ಟಿಯಾಗಿ ಬೇರೂರಿತೆಂದು ಹೇಳಬಹುದು.

ಆದರೆ ನಡುವಣ ಕಾಲವು ಬರಿದಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಮುಂಬಯಿ ಸರಕಾರದ ಕೃಷಿ ಇಲಾಖೆಯವರು ಧಾರವಾಡದಲ್ಲಿಯೂ ಗದಗಿನಲ್ಲಿಯೂ ಹತ್ತಿಯ ಪ್ರಯೋಗಗಳನ್ನು ನಡೆಸಿದರು. ಜಿ. ಎಲ್. ಕೊಟ್ಟೂರರು ಕುಮಟಾ ಹತ್ತಿಯ ಸುಧಾರಣೆಯನ್ನು ಕುರಿತು ೧೯೨೦ರ ಸುಮಾರಿಗೆ ಪ್ರಬಂಧವೊಂದನ್ನು ಬರೆದರು. ಹೊಲದ ಸಾವಿರಾರು ಗಿಡಗಳಲ್ಲಿ ಒಳ್ಳೆಯದನ್ನು ಆರಿಸಿ, ಸೊರಗು ರೋಗಕ್ಕೆ ತುತ್ತಾಗದುದನ್ನು ಉಳಿಸಿ, ತಾಳ್ಮೆಯಿಂದ ಮಾಡಿದ ಆ ಕೆಲಸದ ಪರಂಪರೆಯಲ್ಲಿ ‘ಜಯವಂತ’, ‘ಜಯಧರ’ ಮೊದಲಾದ ತಳಿಗಳು ಬಂದವು. ಒಂದು ತಲೆಮಾರಿನ ರೈತರಿಗೆ ಈ ಹೆಸರುಗಳು ಮನೆಮಕ್ಕಳ ಹೆಸರಿನಷ್ಟೇ ಪರಿಚಿತವಾಗಿದ್ದವು. ೧೯೪೭ರಲ್ಲಿ, ಸ್ವಾತಂತ್ರ್ಯದ ವರ್ಷದಲ್ಲಿಯೇ, ಧಾರವಾಡದಲ್ಲಿ ಕೃಷಿ ಕಾಲೇಜು ಸ್ಥಾಪಿತವಾಯಿತು. ಆಗ ಈ ಭಾಗದಲ್ಲಿ ಕನ್ನಡಿಗರಿಗೆ ತಮ್ಮದೆನ್ನಬಹುದಾದ ವಿಶ್ವವಿದ್ಯಾಲಯವೇ ಇರಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯವು ೧೯೪೯ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂದಿತು.

ಕೃಷಿಗೆಂದೇ ಬೇರೆ ವಿಶ್ವವಿದ್ಯಾಲಯವು ನಮ್ಮ ರಾಜ್ಯದಲ್ಲಿ ಮೊದಲು ಆದುದು ಬೆಂಗಳೂರಿನಲ್ಲಿ, ೧೯೬೪ರಲ್ಲಿ. ಅಮೇರಿಕದ ಟೆನೆಸೀ ವಿಶ್ವವಿದ್ಯಾಲಯದವರು ಅದಕ್ಕೆ ನೆರವಾದರು. ಧಾರವಾಡದ ಕಾಲೇಜು ಅದರ ಅಂಗವಾಯಿತು. ಆದರೆ ಬೆಂಗಳೂರಿನ ಕೆಂಪು ನೆಲದ ರಾಗಿಗೂ ನವಲಗುಂದದ ಕಪ್ಪು ನೆಲದ ಕಡಲೆಗೂ ಒಂದೇ ಔಷಧವು ನಾಟೀತೆ? ಉತ್ತರ ಕರ್ನಾಟಕಕ್ಕೆ ತನ್ನದೇ ಆದ ಸಂಸ್ಥೆ ಬೇಕೆಂಬ ಕೂಗು ಫಲಿಸಿ, ೧೯೮೬ನೆಯ ಅಕ್ಟೋಬರ್ ೧ರಂದು ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಅಸ್ತಿತ್ವಕ್ಕೆ ಬಂದಿತು. ಡಾ. ಜೆ. ವಿ. ಗೌಡರು ಅದರ ಮೊದಲ ಕುಲಪತಿಗಳು. ಮುಂದೆ ಪಶುವೈದ್ಯಕ್ಕೆ ಬೀದರಿನಲ್ಲಿ, ತೋಟಗಾರಿಕೆಗೆ ಬಾಗಲಕೋಟೆಯಲ್ಲಿ, ಈಶಾನ್ಯ ಜಿಲ್ಲೆಗಳ ಕೃಷಿಗೆ ರಾಯಚೂರಿನಲ್ಲಿ ಬೇರೆ ಬೇರೆ ವಿಶ್ವವಿದ್ಯಾಲಯಗಳಾದವು. ಒಟ್ಟು ಕುಟುಂಬದ ಮಕ್ಕಳು ಪಾಲಾಗಿ ಹೋದಂತೆ ಧಾರವಾಡದ ಹರವು ಕಿರಿದಾಯಿತು. ಆದರೂ ಧಾರವಾಡ, ವಿಜಯಪುರ, ಹನುಮನಮಟ್ಟಿಗಳ ಕೃಷಿ ಕಾಲೇಜುಗಳು, ಶಿರಸಿಯ ಅರಣ್ಯ ಕಾಲೇಜು, ಧಾರವಾಡದಲ್ಲಿಯೇ ಇರುವ ಸಮುದಾಯ ವಿಜ್ಞಾನದ ಕಾಲೇಜು, ಅಲ್ಲಲ್ಲಿ ಹರಡಿದ ಸಂಶೋಧನ ಕೇಂದ್ರಗಳು, ಕೃಷಿ ವಿಜ್ಞಾನ ಕೇಂದ್ರಗಳು, ಇಷ್ಟೆಲ್ಲ ಅದರ ಸಂಸಾರ.

ಇನ್ನು, ಈ ಸಂಸ್ಥೆಯಲ್ಲಿ ನಡೆಯುವ ಕೆಲಸವೇನು ಎಂಬ ಪ್ರಶ್ನೆ. ಒಂದು ತಳಿಯ ಹುಟ್ಟನ್ನು ನೋಡಿದರೆ ಅದು ತಿಳಿಯುತ್ತದೆ. ಸಂಶೋಧಕನು ಎರಡು ಗಿಡಗಳನ್ನು ಕೂಡಿಸುತ್ತಾನೆ. ಒಂದರಲ್ಲಿ ಇಳುವರಿಯ ಗುಣ, ಇನ್ನೊಂದರಲ್ಲಿ ರೋಗವನ್ನು ತಾಳುವ ಗುಣ. ಅವುಗಳ ಸಂತತಿಯು ತಲೆಮಾರು ತಲೆಮಾರಾಗಿ ಬೆಳೆದು, ಗುಣವು ನೆಲೆಗೊಳ್ಳಲು ವರ್ಷಗಳು ಬೇಕು. ಆಮೇಲೆ ಹಲವು ಊರುಗಳಲ್ಲಿ, ಹಲವು ಮಳೆಗಾಲಗಳಲ್ಲಿ, ಹಳೆಯ ತಳಿಯ ಪಕ್ಕದಲ್ಲಿ ಬಿತ್ತಿ ತೂಗಿ ನೋಡಬೇಕು. ಕೊನೆಗೆ ರೈತನ ಹೊಲದಲ್ಲಿಯೇ ಪರೀಕ್ಷೆ. ಅಲ್ಲಿ ಗೆದ್ದ ಮೇಲೆ ತಳಿವರ್ಧಕ ಬೀಜ, ಅದರಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ ಎಂಬ ಮೆಟ್ಟಲುಗಳನ್ನು ಇಳಿದು ಅದು ಚೀಲದಲ್ಲಿ ಸೇರುತ್ತದೆ. ತರುಣನಾಗಿ ಆರಂಭಿಸಿದ ಕೆಲಸದ ಫಲವನ್ನು ತಲೆ ನರೆತ ಮೇಲೆ ಕಾಣುವುದು ಈ ವೃತ್ತಿಯಲ್ಲಿ ಸಾಮಾನ್ಯ. ಹೆಸರು ಮಾತ್ರ ಬಹುಮಟ್ಟಿಗೆ ಗಿಡಕ್ಕೆ ಸಲ್ಲುತ್ತದೆ, ಮಾಡಿದವನಿಗೆ ಅಲ್ಲ.

ಈ ಮಾತಿಗೆ ಅಪವಾದವಾಗಿ ಒಂದು ಹೆಸರನ್ನು ಹೇಳಲೇಬೇಕು. ಡಾ. ಬಿ. ಎಚ್. ಕಟರಕಿಯವರು ೧೯೭೨ರಲ್ಲಿ ಧಾರವಾಡದಲ್ಲಿ ‘ವರಲಕ್ಷ್ಮಿ’ ಎಂಬ ಹತ್ತಿಯನ್ನು ಹೊರತಂದರು. ಅಮೇರಿಕದ ಹತ್ತಿಯ ಜಾತಿಯನ್ನೂ ಈಜಿಪ್ತಿನ ಉದ್ದ ಎಳೆಯ ಹತ್ತಿಯ ಜಾತಿಯನ್ನೂ ಕೂಡಿಸಿದ ಸಂಕರವದು. ಎರಡು ಬೇರೆ ಜಾತಿಗಳ ನಡುವಣ ಸಂಕರಗಳಲ್ಲಿ ರೈತರ ಹೊಲಕ್ಕೆ ಇಳಿದುದರಲ್ಲಿ ಮೊದಲನೆಯದು. ದೇಶವಿಭಜನೆಯಿಂದ ಸಿಂಧ ಪಂಜಾಬಗಳ ಹತ್ತಿಯ ಭೂಮಿಯನ್ನು ಕಳೆದುಕೊಂಡು, ನಯವಾದ ನೂಲಿಗೆ ಹೊರನಾಡಿನ ಹತ್ತಿಯನ್ನು ಕೊಳ್ಳುತ್ತಿದ್ದ ದೇಶಕ್ಕೆ ಇದು ದೊಡ್ಡ ಆಸರೆಯಾಯಿತು. ಹತ್ತು ವರ್ಷಗಳೊಳಗೆ ಅವರಿಂದಲೇ ಡಿ.ಸಿ.ಎಚ್. ೩೨, ಅಂದರೆ ‘ಜಯಲಕ್ಷ್ಮಿ’ಯೂ ಬಂದಿತು. ಈ ಸಂಕರ ಬೀಜವನ್ನು ಮಾಡುವ ಬಗೆ ಕೇಳಬೇಕಾದುದು. ಮರುದಿನ ಅರಳಲಿರುವ ಮೊಗ್ಗಿನ ಕೇಸರಗಳನ್ನು ಸಂಜೆ ಬೆರಳಿನಿಂದ ಬಿಡಿಸಿ ತೆಗೆಯಬೇಕು. ಮರುದಿನ ಬೆಳಗ್ಗೆ ಇನ್ನೊಂದು ಜಾತಿಯ ಹೂವಿನ ಪರಾಗವನ್ನು ತಂದು ಮುಟ್ಟಿಸಬೇಕು. ಒಂದೊಂದು ಹೂವಿಗೂ ಹೀಗೆಯೇ. ಈ ಕೆಲಸಕ್ಕೆ ಯಂತ್ರವಿಲ್ಲ. ಹೆಚ್ಚಾಗಿ ಹೆಂಗಸರ ಬೆರಳುಗಳೇ ಅದನ್ನು ನಡೆಸಿದವು. ಅವರ ಹೆಸರುಗಳನ್ನು ಯಾವ ವಾರ್ಷಿಕ ವರದಿಯೂ ಬರೆದಿಟ್ಟಂತಿಲ್ಲ.

ಹತ್ತಿಯ ಕಥೆಯಲ್ಲಿ ಸಡಗರವಿದೆ. ಕಡಲೆಯ ಕಥೆಯಲ್ಲಿ ಬಾಳಿಕೆಯಿದೆ. ಅಣ್ಣಿಗೇರಿಯ ಸಂಶೋಧನ ಕೇಂದ್ರದ ಹೆಸರನ್ನು ಹೊತ್ತ ‘ಅಣ್ಣಿಗೇರಿ ೧’ ಎಂಬ ಕಡಲೆಯು ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ದಶಕಗಳ ಕಾಲ ರಾಣಿಯಂತೆ ಮೆರೆಯಿತು. ಇದೇ ಹೆಸರಿನ ಕುಸುಬೆಯೂ ಉಂಟು. ಕಡಲೆಗೆ ಕಾಲಕ್ರಮದಲ್ಲಿ ಸೊರಗು ರೋಗವು ಶತ್ರುವಾಯಿತು. ಆಗ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರೂ ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯವರೂ ಸೇರಿ, ಹಳೆಯ ಅಣ್ಣಿಗೇರಿಯ ಗುಣಗಳನ್ನು ಉಳಿಸಿಕೊಂಡು, ಬೇರೊಂದು ಕಡಲೆಯಿಂದ ರೋಗವನ್ನು ತಾಳುವ ಶಕ್ತಿಯನ್ನು ಮಾತ್ರ ಆರಿಸಿ ಸೇರಿಸಿದರು. ೨೦೧೯ರಲ್ಲಿ ಅದು ‘ಸೂಪರ್ ಅಣ್ಣಿಗೇರಿ ೧’ ಎಂಬ ಹೆಸರಿನಿಂದ ಪ್ರಕಟವಾಯಿತು. ಪಂಪನ ಊರಿನ ಹೆಸರು ಕಾವ್ಯದ ಮೂಲಕ ವಿದ್ವಾಂಸರಿಗೂ ಕಡಲೆಯ ಮೂಲಕ ದೂರದೂರದ ಒಕ್ಕಲಿಗರಿಗೂ ತಿಳಿದಿರುವುದು ಒಂದು ಸೊಗಸು.

ಉಳಿದವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮಾದಲಿ, ಹುಗ್ಗಿ, ಶಾವಿಗೆಗಳಿಗೆ ಹಿಂದಿನವರು ಮೆಚ್ಚಿಕೊಂಡಿದ್ದ ಸದಕ ಗೋದಿಯು ಎತ್ತರವಾಗಿ ಬೆಳೆದು ನೆಲಕ್ಕೊರಗುತ್ತಿತ್ತು. ಅದರ ಗಿಡ್ಡ ತಳಿಗಳನ್ನು ಧಾರವಾಡದವರು ರೂಪಿಸಿ, ಮರೆಯಾಗುತ್ತಿದ್ದ ಧಾನ್ಯವನ್ನು ಉಳಿಸಿದರು. ಕಲಘಟಗಿಯಂತಹ ಬತ್ತದ ಸೀಮೆಗಾಗಿ ಧಾರವಾಡದ ಬಳಿಯ ಮುಗದದಲ್ಲಿ ಬತ್ತದ ಸಂಶೋಧನ ಕೇಂದ್ರವಿದೆ; ‘ಮುಗದ ಸುಗಂಧ’ವು ಅಲ್ಲಿಯದು. ಎಲೆಚುಕ್ಕೆ ಮತ್ತು ತುಕ್ಕು ರೋಗಗಳನ್ನು ತಾಳುವ ಜಿ.ಪಿ.ಬಿ.ಡಿ. ೪ ಎಂಬ ಶೇಂಗಾ, ತುಕ್ಕು ರೋಗವನ್ನು ತಾಳುವ ಡಿ.ಎಸ್.ಬಿ. ೨೧ ಎಂಬ ಸೋಯಾ ಅವರೆ, ಬಣ್ಣ ಹಾಕದೆಯೇ ಕಂದಾಗಿ ಬಿಡುವ ಹತ್ತಿ, ಇವೂ ಧಾರವಾಡದವೇ. ಸೋಯಾ ಬೆಳೆಯನ್ನು ತಿನ್ನುವ ಹುಳುಗಳಿಗೆ ರೋಗ ಹಚ್ಚಿ ಕೊಲ್ಲುವ ಒಂದು ಬಗೆಯ ಬೂಷ್ಟನ್ನು ಬೆಳೆಸಿ, ವಿಷದ ಬದಲು ಅದನ್ನು ಸಿಂಪಡಿಸುವ ಪದ್ಧತಿಯನ್ನೂ ಇಲ್ಲಿಯವರು ಬಳಕೆಗೆ ತಂದರು. ಮುಂಗಾರಿಗೆ ಮುಂಚೆ ಬೀಜಮೇಳ, ಆಮೇಲೆ ಕೃಷಿಮೇಳ. ಆ ದಿನಗಳಲ್ಲಿ ಎತ್ತಿನಗುಡ್ಡದ ದಾರಿಯು ಜಾತ್ರೆಯಂತೆ ತುಂಬುತ್ತದೆ. ಯಾವ ಘಟಿಕೋತ್ಸವಕ್ಕೂ ಅಷ್ಟು ಜನ ಸೇರುವುದಿಲ್ಲ.

ಇಷ್ಟನ್ನು ಹೇಳಿ ಮುಗಿಸಿದರೆ ಅದು ಹೊಗಳಿಕೆಯಾದೀತು, ಸತ್ಯವಾಗದು. ಒಳ್ಳೆಯ ಬೀಜವು ಒಳ್ಳೆಯ ಬಾಳನ್ನು ತಾನಾಗಿಯೇ ತರಲಾರದೆಂಬುದಕ್ಕೆ ನವಲಗುಂದವೇ ಸಾಕ್ಷಿ. ಮಲಪ್ರಭೆಯ ಅಣೆಕಟ್ಟಿನಿಂದ ೧೯೭೦ರ ದಶಕದಲ್ಲಿ ಕಾಲುವೆಯ ನೀರು ಈ ಕಪ್ಪು ನೆಲಕ್ಕೆ ಬಂದಿತು, ವರಲಕ್ಷ್ಮಿಯೂ ಬಂದಿತು. ಹಣ ಹಾಕಿ ಗೊಬ್ಬರ ಔಷಧಗಳನ್ನು ಕೊಂಡು ಬೆಳೆದ ಮೇಲೆ ಹತ್ತಿಯ ಬೆಲೆಯು ಕುಸಿಯಿತು. ನೀರು ಕೆಲವು ಹೊಲಗಳಿಗೆ ತಲುಪಲಿಲ್ಲ, ಕೆಲವು ಹೊಲಗಳಲ್ಲಿ ನಿಂತು ಜವುಗಾಯಿತು. ಇಷ್ಟರ ಮೇಲೆ ನೀರಾವರಿಯಿಂದ ಭೂಮಿ ಸುಧಾರಿಸಿತೆಂದು ಅಭಿವೃದ್ಧಿ ಕರವನ್ನು ಕೊಡಬೇಕೆಂದು ಸರಕಾರವು ಕೇಳಿತು. ೧೯೮೦ನೆಯ ಜುಲೈ ೨೧ರಂದು ನವಲಗುಂದ ನರಗುಂದಗಳಲ್ಲಿ ರೈತರು ಸಿಡಿದೆದ್ದರು. ಗೋಲೀಬಾರಿನಲ್ಲಿ ಪ್ರಾಣಗಳು ಹೋದವು. ರಾಜ್ಯದ ರೈತ ಚಳುವಳಿಯ ಇತಿಹಾಸವೇ ಅಲ್ಲಿಂದ ತಿರುವು ಪಡೆಯಿತು. ಪ್ರಯೋಗಕ್ಷೇತ್ರದಲ್ಲಿ ಇಳುವರಿಯನ್ನು ಅಳೆದವರು ಪೇಟೆಯನ್ನು ಅಳೆದಿರಲಿಲ್ಲ. ಕಾಲುವೆಯನ್ನು ತೋಡಿದವರು ಮಣ್ಣನ್ನು ಕೇಳಿರಲಿಲ್ಲ. ಆರು ವರ್ಷಗಳ ಮೇಲೆ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ಇದು ಮೊದಲ ಪಾಠವಾಗಿರಬೇಕು.

ಎರಡನೆಯ ಪಾಠವು ಇನ್ನೂ ಕಹಿಯಾದುದು. ೨೦೦೨ರಲ್ಲಿ ಬಿ.ಟಿ. ಹತ್ತಿಗೆ ನಮ್ಮ ದೇಶದಲ್ಲಿ ಅನುಮತಿ ದೊರೆತ ಮೇಲೆ, ಕೆಲವೇ ವರ್ಷಗಳಲ್ಲಿ ಹತ್ತಿಯ ಹೊಲಗಳ ಬಹುಭಾಗವು ಖಾಸಗಿ ಕಂಪನಿಗಳ ಸಂಕರ ಬೀಜದ ವಶವಾಯಿತು. ಜಯಧರ, ಜಯಲಕ್ಷ್ಮಿಗಳು ಹಿಂದೆ ಸರಿದವು. ಆಗ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನ ಸಂಸ್ಥೆಯೂ ಧಾರವಾಡದ ವಿಶ್ವವಿದ್ಯಾಲಯವೂ ಸೇರಿ ಸಾರ್ವಜನಿಕರದೇ ಆದ ಬಿ.ಟಿ. ಹತ್ತಿಯೊಂದನ್ನು ಸಿದ್ಧಪಡಿಸಿದವು. ರೈತನು ತನ್ನ ಬೆಳೆಯ ಬೀಜವನ್ನೇ ಮರುವರ್ಷ ಬಿತ್ತಬಹುದೆಂಬುದು ಅದರ ಹಿರಿಮೆ. ೨೦೦೯ರಲ್ಲಿ ಅದು ರೈತರ ಕೈಸೇರಿತು. ಆ ವರ್ಷ ಮುಗಿಯುವುದರೊಳಗೇ ಹಿಂದೆಗೆಯಲ್ಪಟ್ಟಿತು. ಖಾಸಗಿ ಕಂಪನಿಯೊಂದಕ್ಕೆ ಸೇರಿದ ಜೀನು ಅದರಲ್ಲಿ ಕಂಡುಬಂದಿತೆಂಬುದೇ ಕಾರಣ. ವಿಚಾರಣಾ ಸಮಿತಿಯೂ ಕುಳಿತಿತು. ಇದರಲ್ಲಿ ಯಾರ ತಪ್ಪು ಎಷ್ಟೆಂದು ತೂಗುವುದು ನನ್ನ ಉದ್ದೇಶವಲ್ಲ. ಆ ಒಂದು ಬೀಜವು ನಿಂತಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಿರಿ. ಪೇಟೆಯಲ್ಲಿ ಬೀಜದ ಪೊಟ್ಟಣವನ್ನು ಪ್ರತಿವರ್ಷವೂ ಕೊಳ್ಳದೆ ಇರುವ ಸ್ವಾತಂತ್ರ್ಯವು ಕುಂದಗೋಳದ ಸಣ್ಣ ಹಿಡುವಳಿದಾರನಿಗೆ ಉಳಿಯುತ್ತಿತ್ತು.

ಸಾರ್ವಜನಿಕ ವಿಶ್ವವಿದ್ಯಾಲಯವೆಂಬುದರ ಅರ್ಥವು ಇಲ್ಲಿ ಸ್ಪಷ್ಟವಾಗುತ್ತದೆ. ಲಾಭವಿರುವ ಬೆಳೆಗೆ ಕಂಪನಿಯು ತಾನಾಗಿಯೇ ಬರುತ್ತದೆ. ಸದಕ ಗೋದಿಗೆ ಯಾವ ಕಂಪನಿ ಬಂದೀತು? ಒಮ್ಮೆ ಕೊಂಡರೆ ವರ್ಷಗಟ್ಟಲೆ ಮನೆಯಲ್ಲಿಯೇ ಬೀಜ ಮಾಡಿಕೊಳ್ಳಬಹುದಾದ ಕಡಲೆಗಾಗಿ ಇಪ್ಪತ್ತು ವರ್ಷ ಕಾಯುವ ವ್ಯಾಪಾರಿಯು ಎಲ್ಲಿದ್ದಾನೆ? ಲಾಭವಿಲ್ಲದ ಕಡೆ, ತಾಳ್ಮೆ ಬೇಕಾದ ಕಡೆ, ಬಡವನ ಬೆಳೆ ಇರುವ ಕಡೆ ನಿಲ್ಲುವುದಕ್ಕೆಂದೇ ಜನರು ತಮ್ಮ ತೆರಿಗೆಯ ಹಣದಿಂದ ಇಂತಹ ಸಂಸ್ಥೆಯನ್ನು ಕಟ್ಟಿಕೊಂಡಿದ್ದಾರೆ. ಅಲ್ಲಿ ಖಾಲಿ ಹುದ್ದೆಯೊಂದು ಖಾಲಿಯಾಗಿಯೇ ಉಳಿದರೆ ನಷ್ಟವು ಆ ವರ್ಷ ಕಾಣುವುದಿಲ್ಲ. ಹದಿನೈದು ವರ್ಷಗಳ ಮೇಲೆ ಹೊಸ ರೋಗವೊಂದು ಹೊಲಕ್ಕೆ ಬಂದಾಗ, ಅದನ್ನು ತಾಳುವ ಬೀಜವು ಇಲ್ಲದಿರುವುದರಲ್ಲಿ ಕಾಣುತ್ತದೆ.

ಪಟ್ಟಣದ ನಮಗೂ ಇದಕ್ಕೂ ಏನು ಸಂಬಂಧವೆಂದು ಕೇಳುವವರು ಇರಬಹುದು. ಉಟ್ಟ ಅರಿವೆಯಲ್ಲಿ, ತಟ್ಟೆಯಲ್ಲಿರುವ ಬೇಳೆಯಲ್ಲಿ ಆ ಸಂಬಂಧವಿದೆ. ಇನ್ನೊಂದು ಸೂಕ್ಷ್ಮವಾದ ಸಂಬಂಧವೂ ಉಂಟು. ಕೃಷಿ ಕಾಲೇಜಿನಲ್ಲಿ ಓದಿದ ಒಕ್ಕಲಿಗನ ಮಗನು ಬ್ಯಾಂಕಿಗೋ ಕಚೇರಿಗೋ ಸೇರಿದರೆ ನಾವು ಅವನನ್ನು ಬುದ್ಧಿವಂತನೆನ್ನುತ್ತೇವೆ. ಹೊಲಕ್ಕೆ ಮರಳಿದರೆ ಅಯ್ಯೋ ಎನ್ನುತ್ತೇವೆ. ವಿದ್ಯೆಯು ಹೊಲದಿಂದ ಹೊರಹೋಗುವ ದಾರಿಯೆಂದು ನಾವೇ ಅವನಿಗೆ ಕಲಿಸಿದ್ದೇವೆ. ಈ ಪಾಠವನ್ನು ಯಾವ ಪಠ್ಯಕ್ರಮವೂ ಇಟ್ಟಿಲ್ಲ. ಇಟ್ಟವರು ನಾವು, ತೆಗೆಯಬೇಕಾದವರೂ ನಾವೇ.

ಒಂದು ವಿಶ್ವವಿದ್ಯಾಲಯವು ದೊಡ್ಡದೆಂದು ಹೇಳುವಾಗ ಎಕರೆಗಳನ್ನು ಎಣಿಸುವುದು ರೂಢಿ. ಪದವೀಧರರನ್ನು, ಪ್ರಬಂಧಗಳನ್ನು ಎಣಿಸುವುದೂ ರೂಢಿ. ಎತ್ತಿನಗುಡ್ಡದ ಈ ಸಂಸ್ಥೆಗೆ ನಾನು ಬೇರೊಂದು ಅಳತೆಯನ್ನು ಸೂಚಿಸುತ್ತೇನೆ. ನವಲಗುಂದದ ಹೊಲದಲ್ಲಿ ಇಂದು ಎದ್ದ ಪ್ರಶ್ನೆಯೊಂದು ಧಾರವಾಡದ ಪ್ರಯೋಗಶಾಲೆಯನ್ನು ಮುಟ್ಟಲು ಎಷ್ಟು ದಿನ ಬೇಕು? ಅದರ ಉತ್ತರವು ಆ ಹೊಲಕ್ಕೆ ಮರಳಲು ಎಷ್ಟು ದಿನ ಬೇಕು? ಈ ಎರಡು ದಾರಿಗಳು ಎಷ್ಟು ಚಿಕ್ಕವಾದರೆ ಆ ವಿದ್ಯಾಪೀಠವು ಅಷ್ಟು ದೊಡ್ಡದು. ಮೂವತ್ತು ನಲವತ್ತು ಕಿಲೋಮೀಟರುಗಳ ಆ ದಾರಿಯು ನಕ್ಷೆಯಲ್ಲಿ ಹತ್ತಿರವಾಗಿಯೇ ಇದೆ. ಅದನ್ನು ನಡೆಯುವವರು ಎರಡು ಕಡೆಯಿಂದಲೂ ಹೆಚ್ಚಲಿ ಎಂದು ಹಾರೈಸುತ್ತೇನೆ.